ಊರಮ್ಮನ ತಾಳಿಯ ಗೀರುಗಳು

ನಮ್ಮೂರಮ್ಮನಿಗೆ ಒಂದು ಚಿನ್ನದ ತಾಳಿಯಿತ್ತು. ಹಳೆಯ ನಾಲ್ಕಾಣೆಯಷ್ಟಗಲದ ಬಿಲ್ಲೆ, ಅಂಚಿಗೆ ತಂತಿಯ ಸುತ್ತು, ಅದರೊಳಗೆ ಸಾಸಿವೆಗಿಂತ ಸಣ್ಣ ಗುಂಡುಗಳು. ಹಬ್ಬದ ಹಿಂದಿನ ದಿನ ಅದನ್ನು ತೊಳೆಯುವ ಹಕ್ಕು ನಮ್ಮ ಮನೆಯ ಹಿರಿಸೊಸೆಯದು. ನಮ್ಮತ್ತೆ ಮದುವೆಯಾಗಿ ಬಂದಾಗಿನಿಂದ ಅದು ಅವರ ಕೆಲಸ. ಅವರ ನಂತರ ನನಗೆ ಬರಬೇಕಾದದ್ದು. ಹುತ್ತದ ಮಣ್ಣು ತಂದು, ಒಣಗಿಸಿ, ಹಳೆಯ ಸೀರೆಬಟ್ಟೆಯಲ್ಲಿ ಸೋಸಿ, ಹುಣಸೆ ರಸದಲ್ಲಿ ಕಲಸಿ, ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಅಂದು ಅವರು ಒಪ್ಪೊತ್ತು, ಒಂದೇ ಹೊತ್ತಿನ ಊಟ. ಮನೆಯಲ್ಲಿ ಉಳಿದ ದಿನ ಅತ್ತೆಯ ಮಾತು ಅಷ್ಟಾಗಿ ನಡೆಯುತ್ತಿರಲಿಲ್ಲ. ಆ ಒಂದು ದಿನ ಮಾತ್ರ ಮಾವನವರೂ ಅವರನ್ನು ಕೇಳಿಯೇ ಒಳಗೆ ಕಾಲಿಡುತ್ತಿದ್ದರು.

ಎರಡು ಸಾವಿರದ ಇಸವಿಯ ಈಚೆಗೆ ಕನಕಪುರ ರಸ್ತೆಯ ಆಚೀಚೆ ಕಾರ್ಖಾನೆಗಳು ಬಂದವು. ನಮ್ಮ ರಾಗಿ ಹೊಲದ ಜೊತೆ ಗುಡಿಯ ಜಾಗವೂ ಹೋಯಿತು. ಅಮ್ಮನನ್ನು ಊರೊಳಗಿನ ಹೊಸ ಗುಡಿಗೆ ತರುವ ಮುಂಚೆ ತಾಳಿ ಎಷ್ಟು ಹಳೆಯದೆಂದು ತಿಳಿದುಕೊಳ್ಳೋಣವೆಂದು ಹಿರಿಯರು ಬೆಂಗಳೂರಿನಿಂದ ಒಬ್ಬ ಮೇಡಂ ಅವರನ್ನು ಕರೆಸಿದರು. ಹಳೆಯ ಒಡವೆಗಳನ್ನು ಹೇಗೆ ಮಾಡಿದ್ದಾರೆಂದು ಪರೀಕ್ಷಿಸುವುದೇ ಅವರ ಓದು. ನಮ್ಮ ಪಡಸಾಲೆಯಲ್ಲೇ ಸೂಕ್ಷ್ಮದರ್ಶಕವನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡರು.

"ಅದೇನವ್ವ, ಅಮ್ಮನ್ಗೂ ಎಕ್ಸ್‌ರೇನಾ?" ಎಂದರು ಅತ್ತೆ.

"ಹೂಂ, ನಿಂದೂ ಒಂದ್ ತೆಗೆಸ್ಬುಡು. ಮಂಡಿ ನೋವು ಅಂತ ದಿನಾ ಗೋಳಾಡ್ತೀಯಲ್ಲ," ಎಂದು ನನ್ನ ಗಂಡ ಛೇಡಿಸಿದರು.

ತಾಳಿ ಪರದೆಯ ಮೇಲೆ ಊಟದ ತಟ್ಟೆಯಷ್ಟಾಗಿ ಮೂಡಿತು. ಮೇಡಂ ನಿಧಾನವಾಗಿ ತೋರಿಸಿದರು. ತಂತಿಯನ್ನು ಈಗಿನವರಂತೆ ಅಚ್ಚಿನ ತೂತಿನಲ್ಲಿ ಎಳೆದು ಮಾಡಿದ್ದಲ್ಲ, ತಗಡಿನ ಪಟ್ಟಿಯನ್ನು ತಿರುಚಿ ಮಾಡಿದ್ದು; ಅದಕ್ಕೇ ಆ ಸುರುಳಿ ಗೆರೆ. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿಟ್ಟು ಕಾಯಿಸಿದರೆ ತಾವಾಗಿ ಗುಂಡಾಗುತ್ತವಂತೆ. ಆದರೆ ಇದೆಲ್ಲ ಕಾಣುತ್ತಿದ್ದುದು ಹಿಂಬದಿಯಲ್ಲಿ, ದಾರ ಪೋಣಿಸುವ ಬಳೆಯ ಸಂದಿನಲ್ಲಿ. ಮುಂಬದಿಯ ಗುಂಡುಗಳು ಚಪ್ಪಟೆಯಾಗಿದ್ದವು. ಮೇಲೆಲ್ಲ ಗೀರು.

"ಈ ಗೀರು ಯಾವ್ದವ್ವ?" ಎಂದು ಅತ್ತೆ ಕೇಳಿದರು.

"ಮರಳು ಬೆರೆತಿರೋ ಯಾವುದರಲ್ಲೋ ತುಂಬಾ ವರ್ಷ ಉಜ್ಜಿದ್ದಾರಮ್ಮ. ಇಲ್ಲದಿದ್ದರೆ ಮಾಡಿದವನ ಕೈಕೆಲಸ ಪೂರ್ತಿ ಸಿಕ್ತಿತ್ತು."

ಯಾರ ಮುಂದೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಕಾಫಿ ತಂದ ನಾನು ಬಾಗಿಲಲ್ಲೇ ನಿಂತೆ.

"ನಾನೇ ಕಣವ್ವ," ಎಂದರು ಅತ್ತೆ.

ಮೇಡಂ ಮುಖ ಸಣ್ಣದಾಯಿತು. "ನಿಮ್ಮೊಬ್ಬರದೇ ಅಲ್ಲಮ್ಮ. ನೋಡಿ, ಮೇಲಿನ ಗೀರು ಈ ಕಡೆ ಬಾಗಿವೆ. ಅಡಿಯಲ್ಲಿ ಮಾಸಿರೋವು ಆ ಕಡೆ."

ಅತ್ತೆ ಪರದೆಯ ಹತ್ತಿರ ಹೋದರು. "ನಮ್ಮತ್ತೆ ಎಡಚಿ. ಮುದ್ದೆ ತಿರುವೋದೂ ಎಡಗೈಲೇ." ಬಹಳ ಹೊತ್ತು ನೋಡಿದರು. "ಇಬ್ರೂ ಸೇರ್ಕಂಡು ತೇದ್ಬುಟ್ವಲ್ಲ."

ಇನ್ನು ಮೇಲೆ ಉಜ್ಜಬೇಡಿ, ನೀರೂ ಸೋಕಿಸಬೇಡಿ, ಹತ್ತಿಯಲ್ಲಿಟ್ಟುಬಿಡಿ ಎಂದು ಹೇಳಿ ಮೇಡಂ ಹೊರಟರು. ಹಿರಿಯರು ಆಗಲಿ ಎಂದರು. ಅತ್ತೆಯನ್ನು ಯಾರೂ ಬೈಯಲಿಲ್ಲ. ಒಂದು ಮಾತು ಕೇಳಲೂ ಇಲ್ಲ.

ಮುಂದಿನ ಹಬ್ಬಕ್ಕೆ ತಾಳಿ ಡಬ್ಬಿಯಿಂದ ನೇರವಾಗಿ ಅಮ್ಮನ ಕೊರಳಿಗೆ ಹೋಯಿತು. ಎಣ್ಣೆ, ಕುಂಕುಮ ಮೆತ್ತಿದ್ದು ಹಾಗೇ ಇತ್ತು.

ಪಕ್ಕದ ಮನೆಯಾಕೆ ಅತ್ತೆಯ ಕಡೆ ಬಾಗಿ, "ಮಂಕಾಗೈತಲ್ಲಕ್ಕ, ಈ ಸಲ ತೊಳೀಲಿಲ್ವಾ?" ಎಂದಳು.

"ಇಲ್ಲ ಕಣವ್ವ. ತೊಳೀಬಾರ್ದಂತೆ."

ಮಂಗಳಾರತಿಗೂ ನಿಲ್ಲದೆ ಅವರು ಮನೆಗೆ ಹೊರಟರು. ನಾನು ಹಣ್ಣುಕಾಯಿಯ ಬುಟ್ಟಿ ಹಿಡಿದು ಹಿಂದೆ ಬಂದೆ. ಹಿಂದಿನ ದಿನ ಅವರು ಒಪ್ಪೊತ್ತಿದ್ದರು, ಮಾಡಲು ಏನೂ ಕೆಲಸವಿಲ್ಲದಿದ್ದರೂ. ಈಗ ಒಲೆಯ ಪಕ್ಕ ಕೂತು ನನ್ನ ಮುಖ ನೋಡಿದರು.

"ನಿಂಗೆ ಕೊಡಾಕೆ ನನ್ತಾವ ಅದೊಂದೇ ಇತ್ತು ಕಣಮ್ಮಿ."

ತಟ್ಟೆ ಇಟ್ಟು ಅನ್ನ ಬಡಿಸಿದೆ. ಅವರು ಕಲಸಿದರು, ತಿನ್ನಲಿಲ್ಲ.