ಆಷಾಢಕ್ಕೆ ಸಿಕ್ಕಿಕೊಂಡ ವೆಬ್‌ಸೈಟು

ನನ್ನ ಮೊಮ್ಮಗಳು ಪಾಸಾದಳು. ಕೊನೆಗೆ ಹೇಳಬೇಕಾದ್ದನ್ನ ಮೊದಲೇ ಹೇಳಿಬಿಟ್ಟೆ, ಏನ್ ಮಾಡ್ಲಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ನನ್ನ ಕೈಲಾಗಲ್ಲ. ಆದರೆ ಅದಕ್ಕೆ ಮುಂಚೆ ಒಂದು ವೆಬ್‌ಸೈಟಿನಿಂದ ನಮ್ಮ ಮನೆಯಲ್ಲಿ ಆದ ರಾದ್ಧಾಂತ ನೆನೆಸಿಕೊಂಡರೆ ಇವತ್ತಿಗೂ ತಲೆ ಬಿಸಿಯಾಗುತ್ತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ರಾಜಾಜಿನಗರದ ಮನೆಯಲ್ಲಿ ಕೂತು ಮದುವೆಗಳಿಗೆ ಆರತಿ ತಟ್ಟೆ ಸಿಂಗಾರ ಮಾಡೋದು, ಕೊಬ್ಬರಿ ಗಿಟುಕಿನ ಮೇಲೆ ಗಂಡು-ಹೆಣ್ಣಿನ ಮುಖ ಬರೆಯೋದು ನನ್ನ ಕೆಲಸ. ನಮ್ಮ ಬೀದಿ ಕೊನೆಯ ಬ್ರೌಸಿಂಗ್ ಸೆಂಟರಿನವನು ಹಿಂದೆ ಯಾವಾಗಲೋ ನನಗೊಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ಅದರಲ್ಲಿ ಎರಡು ದೀಪ ಮಿಣಮಿಣ ಅಂತಿದ್ದವು, 'ಸುಸ್ವಾಗತ' ಅನ್ನೋ ಅಕ್ಷರ ಬಿಡದೆ ಓಡ್ತಾನೇ ಇತ್ತು. ನೋಡೋಕೆ ಚೆನ್ನಾಗೇ ಇತ್ತು. ಆದರೆ ಒಂದು ಚಿತ್ರ ಬದಲಾಯಿಸಬೇಕು ಅಂದರೂ ಹೋಗಿ ಅವನ ಮುಂದೆ ನಿಲ್ಲಬೇಕು. "ನಾಳೆ ಬನ್ನಿ ಆಂಟಿ" ಅನ್ನೋನು. ನಾಳೆ ಹೋದರೆ "ಸರ್ವರ್ ಡೌನ್ ಆಂಟಿ." ಸರ್ವರ್ ಅಂದರೆ ಯಾರೋ ಹುಡುಗ ಅಂದುಕೊಂಡು ಎಷ್ಟು ಸಲ ಬೈದುಕೊಂಡು ವಾಪಸ್ ಬಂದಿದೀನೋ! ನಾನು ಮಾಡೋದು ಬಿಟ್ಟು ಎಷ್ಟೋ ಕಾಲವಾಗಿದ್ದ ಥರ್ಮಾಕೋಲ್ ನವಿಲಿನ ತಟ್ಟೆಯನ್ನ ಜನ ಅಲ್ಲಿ ನೋಡಿಕೊಂಡು ಬಂದು, ಅದೇ ಬೇಕು ಅಂತ ಹಟ ಹಿಡಿಯೋರು.

ಮಗಳ ಮಗಳು ನಮ್ಮ ಜೊತೆಗೇ ಇದ್ದು ಕಂಪ್ಯೂಟರ್ ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟು ಮಾಡಬೇಕಂತೆ.

"ಅಜ್ಜಿ, ನಿನ್ನ ವೆಬ್‌ಸೈಟನ್ನೇ ಹೊಸ ಸಿಸ್ಟಮ್ಮಿಗೆ ಸಾಗಿಸ್ತೀನಿ. ಆಮೇಲೆ ನೀನೇ ಚಿತ್ರ ಹಾಕಬಹುದು, ನೀನೇ ತೆಗೀಬಹುದು. ಯಾರ ಮುಂದೇನೂ ಹಲ್ಲು ಗಿಂಜಬೇಕಾಗಿಲ್ಲ."

"ನನಗೆ ಬರುತ್ತೇನೇ ಅದೆಲ್ಲ?"

"ಕೊಬ್ಬರಿ ಮೇಲೆ ಮೀಸೆ ಬರೀತೀಯ, ಬಟನ್ ಒತ್ತೋಕೆ ಬರಲ್ವಾ?"

ಸಾಗಿಸ್ತೀನಿ ಅಂದರೆ ಎತ್ತಿ ಇಟ್ಟರೆ ಆಯಿತು ಅಂತ ನಾನು ತಿಳಿದಿದ್ದೆ. ಅಯ್ಯೋ, ಪಾಡು ಕೇಳಬೇಡಿ. ಹಳೆಯ ಚಿತ್ರಗಳೆಲ್ಲ ಅಂಚೆ ಸ್ಟಾಂಪಿನಷ್ಟು ಚಿಕ್ಕವು, ದೊಡ್ಡದು ಮಾಡಿದರೆ ಕೊಬ್ಬರಿ ಮೇಲಿನ ಹೆಣ್ಣಿನ ಮುಖ ರಾಗಿ ಹಿಟ್ಟು ಕದಡಿದ ಹಾಗೆ ಕಾಣೋದು. ಎಲ್ಲಾ ತಟ್ಟೆಗಳನ್ನೂ ಹೊಸದಾಗಿ ಮಾಡಿ, ಹೊಸದಾಗಿ ಫೋಟೋ ತೆಗೆದೆವು. ಸಕ್ಕರೆ ಅಚ್ಚಿಗೆ ಇರುವೆ ಮುತ್ತಿ ಮತ್ತೆ ಮಾಡಿದೆ. ಅರ್ಧ ಹಾಕಿರುವಾಗ ಕರೆಂಟು ಹೋಗೋದು, ಅವಳು ಕೀಬೋರ್ಡಿನ ಮೇಲೆ ತಲೆ ಇಟ್ಟುಬಿಡೋಳು. ಮೊಟ್ಟಮೊದಲ ಚಿತ್ರ ಮಾತ್ರ ನನ್ನ ಕೈಯಿಂದಲೇ ಹಾಕಿಸಿದ್ದಳು. ಒಂದು ಶುಕ್ರವಾರ, ಪೂಜೆ ಮುಗಿಸಿ ಬಂದು, ಅರಿಶಿನ ಕುಂಕುಮದ ತಟ್ಟೆ. ಮೇಲೆ ಶ್ರೀ ಅಂತ ಬರೆಸಿದೆ.

ಎಲ್ಲಾ ಮುಗಿಯಿತು, ಇನ್ನು ಜನರಿಗೆ ತೆರೆದು ತೋರಿಸೋದೊಂದೇ ಬಾಕಿ ಅನ್ನೋವಾಗ ನಮ್ಮ ಯಜಮಾನರು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತರು.

"ಇವತ್ತು ಅಮಾವಾಸ್ಯೆ. ನಾಳೆಯಿಂದ ಆಷಾಢ. ಶ್ರಾವಣದಲ್ಲಿ ತೆರೀರಿ."

"ತಾತ, ಇದೇನು ಅಂಗಡೀನಾ?"

"ಬೋರ್ಡು ಇದೆ, ಸಾಮಾನು ಇದೆ, ಗಿರಾಕಿ ಬರ್ತಾರೆ. ಇನ್ನೇನು, ಮಠವಾ? ಮದುವೆ ಸಾಮಾನಿನ ಅಂಗಡೀನ ಯಾವ ಮುಠ್ಠಾಳ ಆಷಾಢದಲ್ಲಿ ತೆರೀತಾನೆ?"

"ನನ್ನ ವೈವಾ ಇರೋದೇ ಆಷಾಢದಲ್ಲಿ! ಹೊರಗಡೆಯಿಂದ ಎಕ್ಸಾಮಿನರ್ ಬರ್ತಾರೆ. ವೆಬ್‌ಸೈಟು ತೆರೆದು ನೋಡ್ತಾರೆ. ಇಲ್ಲದಿದ್ರೆ ಫೇಲ್!"

"ಒಂದು ತಿಂಗಳು ಮುಂದೆ ಹಾಕೋಕೆ ಹೇಳು."

ಅವಳು ಬಾಗಿಲು ಹಾಕಿಕೊಂಡು ಅತ್ತಳು. ತಾತನ ಮಾತು ಮೀರಿ ಒಂದು ಬಟನ್ ಒತ್ತೋದು ಅವಳಿಗೆ ಎಷ್ಟರ ಕೆಲಸ? ಒತ್ತಲಿಲ್ಲ. ಇದರ ಮಧ್ಯೆ, ನಾವು ಬಿಟ್ಟು ಹೋಗ್ತೀವಿ ಅಂತ ಗೊತ್ತಾಗಿ ಬ್ರೌಸಿಂಗ್ ಸೆಂಟರಿನವನು ಹಳೆಯದನ್ನೂ ಮುಚ್ಚಿಬಿಟ್ಟ. "ನಿಮ್ಮ ಹುಡುಗೀನೇ ಮಾಡ್ತಾಳಲ್ಲ ಆಂಟಿ" ಅಂತ ಮೂತಿ ತಿರುಗಿಸಿದ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಶ್ರಾವಣದ ಮದುವೆಗೆ ತಟ್ಟೆ ನೋಡಬೇಕು ಅನ್ನೋರು ಫೋನು ಮಾಡಿ, "ಏನೂ ಬರ್ತಿಲ್ವಲ್ಲಮ್ಮ, ನಿಲ್ಲಿಸಿಬಿಟ್ರಾ?" ಅಂತ ಕೇಳೋರು. ಆಷಾಢ ಅಂತ ಹೇಳಲಾ, ಸರ್ವರ್ ಅಂತ ಹೇಳಲಾ?

ನಾಳೆಯೇ ವೈವಾ ಅನ್ನೋ ದಿನ ಬಂದು ನಿಂತಿತು. ಸಿಟ್ಟಿಗೆ ನಾನು ಯಜಮಾನರ ಕಾಫಿಗೆ ಸಕ್ಕರೆಯನ್ನೇ ಹಾಕಲಿಲ್ಲ. ಅವರು ಸುಮ್ಮನೆ ಕುಡಿದರು, ಅದಕ್ಕೆ ಇನ್ನೂ ಸಿಟ್ಟು ಬಂತು. ತಟ್ಟೆಗಳ ಮುಂದೆ ಕೂತಾಗ, ನಮ್ಮ ಓರಗಿತ್ತಿ ವಿಜಯನಗರದ ಹೊಸ ಮನೆಗೆ ಹೋಗಿದ್ದು ನೆನಪಾಯಿತು. ಆಷಾಢ ಬರುತ್ತೆ ಅಂತ ಮೊದಲೇ ಬರೀ ಹಾಲು ಉಕ್ಕಿಸಿ ಬಂದಿದ್ದರು. ಸಾಮಾನು ಸಾಗಿಸಿದ್ದು ಆಷಾಢದಲ್ಲೇ. ಮುಹೂರ್ತ ಇಟ್ಟುಕೊಟ್ಟವರು ಇದೇ ನಮ್ಮ ಯಜಮಾನರು.

ಎದ್ದವಳೇ ಮೊಮ್ಮಗಳ ಬಾಗಿಲು ಬಡಿದೆ. "ನಾನು ಹಾಕಿದ ಮೊದಲ ಚಿತ್ರ ತೆಗಿಯೇ."

ತೆಗೆದಳು. ಯಾರೂ ಬರೆಯದೇ ಇದ್ದರೂ ಚಿತ್ರದ ಕೆಳಗೆ ತಾರೀಖು ಇತ್ತು. ಹೊಸ ಸಿಸ್ಟಮ್ಮು ಏನೇ ಹಾಕಿದರೂ ತಾರೀಖನ್ನ ತಾನೇ ಬರೆದುಕೊಳ್ಳುತ್ತಂತೆ. ಯಜಮಾನರನ್ನ ಕರೆದು ಕುರ್ಚಿಯಲ್ಲಿ ಕೂರಿಸಿದೆ.

"ಇದು ಯಾವ ಮಾಸ ನೋಡಿ ಹೇಳ್ರೀ."

ಕನ್ನಡಕ ಹಾಕಿಕೊಂಡರು. ಎದ್ದು ಹೋಗಿ ಕ್ಯಾಲೆಂಡರ್ ಹಾಳೆ ತಿರುವಿದರು. "ಜ್ಯೇಷ್ಠ. ಶುಕ್ರವಾರ."

"ಅರಿಶಿನ ಕುಂಕುಮ ಅವತ್ತೇ ಒಳಗೆ ಹೋಗಿದೆ. ಶ್ರೀಕಾರಾನೂ ಆಗಿದೆ. ಹಾಲು ಉಕ್ಕಿದ ಮೇಲೆ ಸಾಮಾನು ತರೋಕೆ ಅಡ್ಡಿ ಏನು?"

ಯಜಮಾನರು ಕ್ಯಾಲೆಂಡರ್ ಹಾಳೆಯನ್ನ ಮತ್ತೆ ಆಷಾಢಕ್ಕೆ ತಿರುವಿಟ್ಟರು. ಆಮೇಲೆ, "ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೇ ನಿಂಗೆ? ಮಗು ಊಟ ಬಿಟ್ಟಿದೆ" ಅಂತ ನನ್ನ ಮೇಲೇ ರೇಗಿದರು! ಹೇಳಿ, ಇಂಥವರನ್ನ ಏನು ಮಾಡೋದು? ರಾಹುಕಾಲ ಕಳೆಯೋವರೆಗೂ ಕಾಯಿಸಿ, ಆಮೇಲೇ ಬಟನ್ ಒತ್ತೋಕೆ ಬಿಟ್ಟರು.

ಮಾರನೆಯ ದಿನ ಅವಳು ಕಾಲೇಜಿಗೆ ಹೋದಳು. ಮನೆಯಲ್ಲಿ ಕೂರೋಕೆ ಆಗದೆ, ಅವಳು ಕಲಿಸಿಕೊಟ್ಟ ಹಾಗೆ ಕಂಪ್ಯೂಟರ್ ಹಾಕಿ ಹೊಸ ನವಿಲಿನ ತಟ್ಟೆಯ ಚಿತ್ರ ಹಾಕಿದೆ. ತಟ್ಟೆ ದುಂಡಗಿದೆ, ಹೇಗೆ ಹಾಕಿದರೇನು ಅಂದುಕೊಂಡೆ. ನೋಡಿದರೆ ನವಿಲಿನ ಕಾಲು ಮೇಲಕ್ಕೆ! ತೆಗೆಯೋಕೆ ಹೋದರೆ ಬರಲಿಲ್ಲ. ಹುಡುಗಿಯ ಬದುಕು ಹಾಳು ಮಾಡಿದೆ ಅಂತ ದೇವರ ಮುಂದೆ ಹೋಗಿ ಕೂತುಬಿಟ್ಟೆ.

ಅವಳು ಬಂದಳು. ಚಪ್ಪಲಿ ಕೂಡ ಬಿಡದೆ ನನ್ನನ್ನ ತಬ್ಬಿಕೊಂಡಳು. ಎಕ್ಸಾಮಿನರ್, "ಇದನ್ನ ಓದು ಬರಹ ಕಮ್ಮಿ ಇರೋರೂ ನಡೆಸಬಹುದು ಅಂತ ಬರೆದಿದೀಯಲ್ಲಮ್ಮ, ಅದಕ್ಕೇನು ಗ್ಯಾರಂಟಿ?" ಅಂತ ಕೇಳಿದರಂತೆ. ಅಷ್ಟರಲ್ಲಿ ಪರದೆಯ ಮೇಲೆ ತಲೆಕೆಳಗಾದ ನವಿಲು ಬಂತಂತೆ.

"ಸಾರ್, ನಮ್ಮಜ್ಜಿ ಈಗ ತಾನೇ ಹಾಕಿದ್ರು" ಅಂದಳಂತೆ.