ನೀಲಗಂಗವ್ವನ ಓತಿ, ಸರ್ ಅವರ ಜಾರು

ನೀಲಗಂಗವ್ವನ ತವರು ಬ್ಯಾಡಗಿ. ಅಲ್ಲಿಯ ಮೆಣಸಿನಕಾಯಿಯ ಹಾಗೆ ಈಕೆಗೂ ಬಣ್ಣ ಬಹಳ, ಖಾರ ಕಡಿಮೆ ಎಂದು ಗಂಡ ಪ್ರಭುಲಿಂಗಪ್ಪ ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದ. ಸಿಟ್ಟು ಬಂದರೆ ಕಿವಿಯ ತುದಿಯವರೆಗೂ ಮುಖ ಕೆಂಪಾಗುತ್ತಿತ್ತು, ಬಾಯಿಂದ ಮಾತ್ರ ಒಂದು ಮಾತೂ ಹೊರಬೀಳುತ್ತಿರಲಿಲ್ಲ. ರಾಣೆಬೆನ್ನೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಅಟೆಂಡರ್ ಆಗಿ ದುಡಿದವಳಿಗೆ ಬಾಯಿ ಮುಚ್ಚಿಕೊಂಡಿರುವುದು ಕೆಲಸದ ಒಂದು ಭಾಗವೇ ಆಗಿತ್ತು.

ಕೆಲಸವಾದರೂ ಎಂಥದ್ದು! ಪ್ರತಿ ಗುರುವಾರ ಕಪ್ಪೆಗಳನ್ನು ಕ್ಲೋರೋಫಾರ್ಮಿನ ಡಬ್ಬಿಗೆ ಹಾಕಬೇಕು. ಆಮೇಲೆ ಕಾಲು ಅಗಲಿಸಿ, ಮೇಣದ ತಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ ಹುಡುಗರ ಮುಂದೆ ಇಡಬೇಕು. ಕಪಾಟಿನ ಜಾರುಗಳಲ್ಲಿ ಫಾರ್ಮಲಿನ್ ಕಡಿಮೆಯಾದರೆ ತುಂಬಬೇಕು. ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಹೆಂಗಸು ಹನ್ನೊಂದು ಗಂಟೆಗೆ ಅದೇ ಕೈಯಲ್ಲಿ ಕಪ್ಪೆ ಹಿಡಿಯುತ್ತಿದ್ದಳು. ತವರಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿರಲಿಲ್ಲ. ‘ನಮ್ಮ ನೀಲಾ ಕಾಲೇಜಿನ್ಯಾಗ ಅದಾಳ’ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆ ಮಾಡಿದ್ದು, ಪಾಪ ಹತ್ತಲಿಕ್ಕಿಲ್ಲ ಎಂದು ಈಕೆಯೂ ಸಮಾಧಾನ ಮಾಡಿಕೊಂಡಿದ್ದಳು.

2005ರ ದೀಪಾವಳಿ ಮುಗಿದ ವಾರ ಲ್ಯಾಬಿಗೆ ಒಂದು ಗಾಜಿನ ಪೆಟ್ಟಿಗೆ ಬಂತು. ಕುಮಾರಪಟ್ಟಣದ ಫ್ಯಾಕ್ಟರಿಯ ಎಂಜಿನಿಯರೊಬ್ಬರಿಗೆ ದೂರದ ಊರಿಗೆ ವರ್ಗವಾಗಿತ್ತು. ಅವರ ಮಗಳು ಮುಂಬೈಯಿಂದ ತರಿಸಿ ಸಾಕಿದ್ದ ಪ್ರಾಣಿಯನ್ನು ಕಾಲೇಜಿಗೆ ಕೊಟ್ಟು ಹೋಗಿದ್ದರು. ಆಸ್ಟ್ರೇಲಿಯಾದ ಗಡ್ಡದ ಓತಿ. ಇಂಗ್ಲಿಷಿನಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಅನ್ನುತ್ತಾರಂತೆ. ಮೂರು ತಿಂಗಳ ಮರಿ, ಬಾಲ ಸೇರಿ ಒಂದು ಗೇಣೂ ಇರಲಿಲ್ಲ. ಆದರೆ ಗದ್ದದ ಕೆಳಗೆ ಮುಳ್ಳು ಮುಳ್ಳಾದ ಗಡ್ಡ, ಮುಖದ ಮೇಲೆ ಪಂಚಾಯಿತಿ ಕಟ್ಟೆಯ ಹಿರಿಯನ ಗಾಂಭೀರ್ಯ. ನೀಲಗಂಗವ್ವ ನೋಡಿದ ಕೂಡಲೇ ಅದಕ್ಕೆ ‘ಅಜ್ಜ’ ಎಂದು ಹೆಸರಿಟ್ಟಳು.

ಜೊತೆಗೆ ಒಂದು ಬಲ್ಬು, ಒಂದು ಇಂಗ್ಲಿಷ್ ಕಾಗದ ಬಂದಿದ್ದವು. ವಿಭಾಗದ ಮುಖ್ಯಸ್ಥರು ಸಿದ್ದಲಿಂಗಪ್ಪ ಸರ್. ಕಾಗದ ಓದುತ್ತ ಅರ್ಧಕ್ಕೆ ಬರುವುದರೊಳಗೆ ಅವರ ಮುಖ ಅರಳಿತು.

“ಏ ನೀಲಗಂಗವ್ವ, ಇದು ನಮ್ಮಾಂವನ ಐತಿ! ಸೊಪ್ಪು, ಗಜ್ಜರಿ, ಕುಂಬಳಕಾಯಿ ತಿಂತೈತಂತ.”

“ಹೌದೇನ್ರಿ ಸರ್? ಬೇಷಾತು ಬಿಡ್ರಿ.”

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಮೊಟ್ಟೆಯನ್ನೂ ಮುಟ್ಟದ ಇಬ್ಬರು ತಮಗೆ ಬೇಕಾದದ್ದನ್ನು ಓದಿ, ಕೇಳಿ, ತಲೆಯಾಡಿಸಿ ಕಾಗದವನ್ನು ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಅದಕ್ಕೆ ಹಿಂಬದಿ ಎನ್ನುವುದೊಂದು ಇದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ ಫಜೀತಿ. ಹರಿವೆ ಹಾಕಿದರೆ ಅಜ್ಜ ಮುಖ ತಿರುಗಿಸಿತು. ಮೆಂತ್ಯದ ಎಲೆಯನ್ನು ಉಗುರಿನಷ್ಟು ಸಣ್ಣಗೆ ಹೆಚ್ಚಿ ಇಟ್ಟಳು, ಅದರ ಮೇಲೆ ನಡೆದು ಹೋಯಿತು. ಗಜ್ಜರಿ ತುರಿದಳು, ಕುಂಬಳಕಾಯಿ ಬೇಯಿಸಿ ಕಿವುಚಿದಳು, ದಾರಕ್ಕೆ ಎಲೆ ಕಟ್ಟಿ ಕಣ್ಣ ಮುಂದೆ ಕುಣಿಸಿದಳು. ಕೊನೆಗೆ ಮೂಗಿನ ಮೇಲೆ ಬಿಟ್ಟ ನೀರಿನ ಹನಿ ನೆಕ್ಕಿ ಕಣ್ಣು ಮುಚ್ಚಿಕೊಂಡಿತು, ಅಷ್ಟೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇದರ ನಡುವೆ ನೋಡಲು ಬಂದ ಹುಡುಗರು ಮಂಡಕ್ಕಿ, ಮಿರ್ಚಿ ಭಜಿಯ ಚೂರು ಎಸೆದು ಹೋಗುತ್ತಿದ್ದರು. ಬಲ್ಬು ಹಚ್ಚಿ ಬೆಚ್ಚಗಿಡೋಣವೆಂದರೆ ದಿನಕ್ಕೆ ಆರು ತಾಸು ಕರೆಂಟೇ ಇಲ್ಲ. ಪೆಟ್ಟಿಗೆ ಎತ್ತಿಕೊಂಡು ಬಿಸಿಲು ಹೋದಲ್ಲೆಲ್ಲ ಅದರ ಹಿಂದೆ ತಿರುಗುವುದೇ ಒಂದು ಕೆಲಸವಾಯಿತು.

ಅಜ್ಜನ ಬಾಲದ ಬುಡ ಸಣ್ಣಗಾಗುತ್ತ ಬಂತು. ಅದನ್ನು ನೋಡಿ ಸಿದ್ದಲಿಂಗಪ್ಪ ಸರ್ ನಿಟ್ಟುಸಿರು ಬಿಟ್ಟರು.

“ಇದು ಬಾಳೂದಿಲ್ಲ ಅನಸ್ತೈತಿ. ಮೂರನೇ ಕಪಾಟಿನ್ಯಾಗ ದೊಡ್ಡ ಜಾರ್ ಐತೆಲ್ಲ, ತೊಳದು ಇಡು. ಹಾವೇರಿ ಜಿಲ್ಲಾದಾಗ ಯಾವ ಕಾಲೇಜಿನ್ಯಾಗೂ ಇಂಥಾ ಸ್ಪೆಸಿಮನ್ ಇಲ್ಲ ನೋಡು.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಜೀವ ಹೋಗುವ ಮುಂಚೆ ಜಾರು ತೊಳೆಸುವವರನ್ನು ನೀಲಗಂಗವ್ವ ಅಂದೇ ಕಂಡದ್ದು. ಸರ್ ಕೆಟ್ಟವರೇನಲ್ಲ. ಅವರಿಗೆ ಜಾರಿನೊಳಗಿನ ಪ್ರಾಣಿಗಳ ಮೇಲೆ ಪ್ರೀತಿ ಜಾಸ್ತಿ, ಅಷ್ಟೇ. ತಾವೇ ಲೇಬಲ್ ಟೈಪು ಮಾಡಿಸಿ ತಂದರು: ಮೇಲೆ ಲ್ಯಾಟಿನ್ ಹೆಸರು, ಕೆಳಗೆ ಕಾಲೇಜಿನ ಹೆಸರು, ದಿನಾಂಕದ ಜಾಗ ಮಾತ್ರ ಖಾಲಿ. ಅಂಟು ಹಚ್ಚಿ ಅದನ್ನು ಜಾರಿಗೆ ಅಂಟಿಸುವಾಗ ನೀಲಗಂಗವ್ವನ ಮುಖ ಕೆಂಪಾಯಿತು. ಮಾತು ಬರಲಿಲ್ಲ.

ಆದರೆ ಮನಸ್ಸಿನಲ್ಲಿ ಒಂದು ಹಟ ಕೂತಿತು. ಈ ಲ್ಯಾಬಿಗೆ ಜೀವಂತ ಬಂದದ್ದು ಯಾವುದೂ ಜೀವಂತ ಹೊರಗೆ ಹೋಗಿರಲಿಲ್ಲ, ಎಲ್ಲವೂ ಅವಳ ಕೈಯಿಂದಲೇ ಮುಗಿದಿದ್ದವು. ಇದೊಂದಾದರೂ ಉಳಿಯಲಿ ಎಂದು ಆಕೆ ಬಯಸಿದಳು. ಇಷ್ಟು ಬಯಸುತ್ತಿದ್ದೇನಲ್ಲ ಎಂದು ತನಗೇ ಆಶ್ಚರ್ಯವೂ ಆಯಿತು.

ದೇವರಗುಡ್ಡದಿಂದ ಸೊಪ್ಪು ತಂದು ಮಾರುವ ಬೀರವ್ವ ಒಂದು ದಿನ ಕೇಳಿಯೇಬಿಟ್ಟಳು.

“ಅಕ್ಕಾರ, ಮನ್ಯಾಗ ಇರೋರು ಇಬ್ಬರು. ದಿನಾ ಇಷ್ಟ್ ಪಲ್ಲೆ ಯಾರಿಗೆ ಒಯ್ಯಾಕತ್ತೀರಿ?”

ಓತಿಗೆ ಎಂಬ ಉತ್ತರ ಕೇಳಿ ಬೀರವ್ವ ಸೊಪ್ಪಿನ ಬುಟ್ಟಿ ಅಲುಗಾಡುವಂತೆ ನಕ್ಕಳು.

“ಓತಿಕ್ಯಾತ ಎಲ್ಲೆರ ಪಲ್ಲೆ ತಿಂತಾವೇನ್ರಿ? ಬೇಲಿ ಮ್ಯಾಲೆ ಕುಂತು ಮಿಡಚಿ ತಿನ್ನೂದು ನೋಡಿಲ್ಲೇನು? ಕಾಲೇಜಿನ್ಯಾಗ ಅದೀರಂತ ಬ್ಯಾರೆ!”

ನೀಲಗಂಗವ್ವ ಲ್ಯಾಬಿಗೆ ಓಡಿದಳು. ಗಾಜಿನ ಕೆಳಗಿನ ಕಾಗದ ತೆಗೆದು ತಿರುಗಿಸಿದಳು. ಎಸ್ಸೆಸ್ಸೆಲ್ಸಿ ಓದಿದವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ‘ಇನ್‌ಸೆಕ್ಟ್ಸ್’ ಎಂಬ ಪದವನ್ನು ಎರಡನೇ ಕಪಾಟಿನ ಮೇಲೆ ಹತ್ತೊಂಬತ್ತು ವರ್ಷ ಒರೆಸಿದ್ದಳು. ಕಾಗದದ ಹಿಂಬದಿಯ ತುಂಬ ಅದೇ ಪದ. ಕಾಗದವನ್ನು ಸರ್ ಮುಂದೆ ಹಿಡಿದಳು. ಸರ್ ಓದಿ, “ಅಯ್ಯ, ಹೌದಲ್ಲ! ಮರಿ ಇದ್ದಾಗ ಹುಳಾನ ಬೇಕಂತ. ದೊಡ್ಡದಾದ ಮ್ಯಾಲೆ ಸೊಪ್ಪು. ಎರಡು ಕಣ್ಣಿನ ನಡುವಿನ ಜಾಗಾಕ್ಕಿಂತ ದೊಡ್ಡ ಹುಳ ಹಾಕಬಾರದಂತ” ಎಂದರು.

ಹದಿನೇಳು ದಿನ! ಹದಿನೇಳು ದಿನ ಒಂದು ಕೂಸನ್ನು ಉಪವಾಸ ಕೆಡವಿ ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳಲ್ಲ. ಎಷ್ಟು ಕಪ್ಪೆಗಳ ಹೊಟ್ಟೆ ಸೀಳಿದಾಗ ಒಳಗೆ ಹುಳದ ಕಾಲು, ರೆಕ್ಕೆ ಕಂಡಿರಲಿಲ್ಲ? ಸರ್ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು.

ಕಾಲೇಜಿನ ಹಿಂದಿನ ಮೈದಾನದ ಹುಲ್ಲಿನಲ್ಲಿ ಕೂತು ಮೊದಲ ಮಿಡತೆ ಹಿಡಿದಳು. ಕಪ್ಪೆ ಕೊಂದದ್ದು ನೌಕರಿಯ ಖಾತೆಗೆ ಹೋಯಿತು, ಇದು ಯಾರ ಖಾತೆಗೆ? ಕೊರಳಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡು ಪೆಟ್ಟಿಗೆಯೊಳಗೆ ಮಿಡತೆ ಬಿಟ್ಟಳು. ಅಜ್ಜ ತಲೆ ಎತ್ತಿತು. ಕಣ್ಣು ಹೊರಳಿಸಿ, ನಾಲಿಗೆ ಚಾಚಿ, ಒಂದೇ ಸಲಕ್ಕೆ ಗುಳುಂ ಮಾಡಿತು. ನೀಲಗಂಗವ್ವನಿಗೆ ಎದೆ ತುಂಬಿ ಬಂತು. ಒಂದು ಜೀವ ಹೋದದ್ದಕ್ಕೆ ಹೀಗೆ ಸಂತೋಷಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಇನ್ನೊಂದನ್ನು ಹಿಡಿಯಲು ಓಡಿದಳು.

ಅಲ್ಲಿಗೆ ಮುಗಿಯಿತೇ? ಅಜ್ಜನ ಮುಂಗಾಲು ನಡುಗತೊಡಗಿತು. ರಜೆ ಹಾಕಿ, ಚಪ್ಪಲಿ ಡಬ್ಬಿಗೆ ತೂತು ಮಾಡಿ ಅದರಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ ಹಾವೇರಿಗೆ ಹೋದಳು. ಅಲ್ಲಿಯ ದನದ ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಪಾಪ, ಕಾಲು ಹಿಡಿದು ನೋಡಿ, ಎಲುಬಿಗೆ ಕ್ಯಾಲ್ಸಿಯಂ ಸಾಲದೆಂದು ಒಂದು ಪುಡಿ ಕೊಟ್ಟರು. ಮಿಡತೆಗಳನ್ನು ಆ ಪುಡಿಯಲ್ಲಿ ಹೊರಳಿಸಿ ತಿನ್ನಿಸಿದಳು. ಹದಿನೈದು ದಿನದಲ್ಲಿ ನಡುಕ ನಿಂತಿತು. ಅಷ್ಟರಲ್ಲಿ ಹುಲ್ಲು ಒಣಗಿ ಮಿಡತೆಗಳೇ ಇಲ್ಲವಾದವು!

ಇನ್ನುಳಿದದ್ದು ಚಿಮ್ಮಂಡೆ, ಬಚ್ಚಲ ಸಂದಿಯಲ್ಲಿ ಕೂತು ಕಿರ್ರೆನ್ನುತ್ತದಲ್ಲ, ಆ ಹುಳ. ಹಿಡಿದು ಸಾಕಿದರೆ ಮರಿ ಹಾಕುತ್ತವೆಂದು ಬೀರವ್ವ ಹೇಳಿದಳು. ಪ್ರಭುಲಿಂಗಪ್ಪ ಬಾಗಿಲಲ್ಲೇ ಅಡ್ಡ ನಿಂತ.

“ನೋಡು, ಹುಳ ಹುಪ್ಪಡಿ ಹೊಸ್ತಲಾ ದಾಟಬಾರದು. ಒಳಗ ದೇವರ ಜಗಲಿ ಐತಿ.”

ಲ್ಯಾಬಿನಲ್ಲೇ ಇಡಬೇಕಾಯಿತು. ತಗಡಿನ ಡಬ್ಬಿಯಲ್ಲಿಟ್ಟರೆ ಒಳಗೆ ಕಾಣುವುದಿಲ್ಲ, ರಟ್ಟಿನ ಡಬ್ಬಿಯಾದರೆ ಕಡಿದು ಹೊರಬರುತ್ತವೆ. ಹುಳ ಹತ್ತಲಾರದಷ್ಟು ನುಣುಪಾದ, ಎತ್ತರದ ಗಾಜಿನ ಪಾತ್ರೆ ಬೇಕಾಗಿತ್ತು. ಅಂಥದ್ದು ಲ್ಯಾಬಿನಲ್ಲಿ ಒಂದೇ ಒಂದು ಖಾಲಿ ಇತ್ತು. ತೊಳೆದು, ಲೇಬಲ್ ಹಚ್ಚಿ ಇಟ್ಟಿದ್ದೂ ಆಗಿತ್ತು.

ಸಂಕ್ರಾಂತಿ ಬಂತು. ಬ್ಯಾಡಗಿಗೆ ಹೋಗಲೇಬೇಕು, ತವರಿನವರು ಎರಡು ಸಲ ಫೋನು ಮಾಡಿದ್ದರು. ಹಬ್ಬದ ಮನೆಗೆ ಓತಿ ಒಯ್ಯುವುದು ಹೇಗೆ? ಕಾಲೇಜಿನ ಕಾವಲುಗಾರನಿಗೆ ಬಲ್ಬು ಆರದಂತೆ ನೋಡಿಕೊಳ್ಳಲು ಹೇಳಿ ಹೋದಳು. ಎಳ್ಳುಬೆಲ್ಲ ಬಾಯಿಗಿಟ್ಟರೂ ಮನಸ್ಸು ರಾಣೆಬೆನ್ನೂರಿನಲ್ಲೇ ಇತ್ತು.

ಸೋಮವಾರ ಬಂದು ನೋಡಿದರೆ ಬಲ್ಬು ಆರಿತ್ತು. ಶನಿವಾರದಿಂದ ಆ ಸಾಲಿಗೇ ಕರೆಂಟು ಇರಲಿಲ್ಲವಂತೆ. ಅಜ್ಜ ಕಪ್ಪಗಾಗಿ, ಕಟ್ಟಿಗೆಯ ಹಾಗೆ ಸೆಟೆದು ಬಿದ್ದಿತ್ತು. ಸಿದ್ದಲಿಂಗಪ್ಪ ಸರ್ ಬೆರಳಿನಿಂದ ಮುಟ್ಟಿ ನೋಡಿದರು.

“ಮುಗೀತು. ಪಾಪ, ನೀನೂ ಬಾಳ ಒದ್ದಾಡಿದಿ. ಜಾರ್ ತಗೊಂಡು ಬಾ.”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೀಲಗಂಗವ್ವ ಸರ್ ಹೇಳಿದ್ದನ್ನು ಮಾಡಲಿಲ್ಲ. ಅಜ್ಜನನ್ನು ಎತ್ತಿ ಸೆರಗಿನೊಳಗೆ, ಲಿಂಗದ ಪಕ್ಕದಲ್ಲಿ ಎದೆಗೆ ಒತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಳು. ಹುಡುಗರು ಮುಸಿಮುಸಿ ನಕ್ಕರು. ನಗಲಿ. ಕರೆಂಟಿನವರಿಗೆ, ಕಾವಲುಗಾರನಿಗೆ, ಹಬ್ಬಕ್ಕೆ, ತನಗೆ, ಎಲ್ಲರಿಗೂ ಒಳಗೊಳಗೇ ಶಾಪ ಹಾಕುತ್ತ ಕೂತಳು. ಅರ್ಧ ತಾಸು ಕಳೆಯಿತು. ಎದೆಗೆ ಏನೋ ಗೀರಿದಂತಾಯಿತು. ಉಗುರು! ಸೆರಗು ಸರಿಸಿ ನೋಡಿದರೆ, ಚಳಿಗೆ ಮರಗಟ್ಟಿದ್ದ ಅಜ್ಜನ ಒಂದು ಕಣ್ಣು ತೆರೆದಿತ್ತು.

ಅಷ್ಟರಲ್ಲಿ ಸರ್ ತಾವೇ ಜಾರು ಹುಡುಕಿ ಎತ್ತಿಕೊಂಡು ಬಂದರು. ಒಳಗಿನಿಂದ ಕಿರ್ರೆಂಬ ಸದ್ದು ಕೇಳುತ್ತಿತ್ತು.

“ಏನಿದು ನೀಲಗಂಗವ್ವ, ಸ್ಪೆಸಿಮನ್ ಜಾರಿನ್ಯಾಗ?”

“ಇದರ ಊಟಾರಿ ಸರ್.” ಆಕೆ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಆದರೆ ಈ ಸಲ ಮಾತೂ ಬಂತು. “ಇಲ್ಲೀತನಕ ನೀವು ಕೇಳಿದ್ದೆಲ್ಲಾ ಜಾರಿನ್ಯಾಗ ತುಂಬಿ ಕೊಟ್ಟೇನಿ. ಇದೊಂದು ಕೊಡಂಗಿಲ್ಲರಿ.”

ಸರ್ ಒಮ್ಮೆ ಅವಳನ್ನು, ಒಮ್ಮೆ ಸೆರಗಿನಿಂದ ಹಣಕಿ ಹಾಕಿದ ಗಡ್ಡವನ್ನು ನೋಡಿದರು. ಜಾರನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು.

ಗುರುವಾರ ಎಂದಿನಂತೆ ಬಕೆಟ್ಟಿನಲ್ಲಿ ಕಪ್ಪೆಗಳು ಬಂದವು. ನೀಲಗಂಗವ್ವ ಅಜ್ಜನಿಗೆ ಊಟ ಹಾಕಿ, ಜಾರು ಹಿಡಿದುಕೊಂಡೇ ಬಕೆಟ್ಟಿನ ಹತ್ತಿರ ಬಂದಳು. ನಾಲ್ಕು ಚಿಮ್ಮಂಡೆ ತೆಗೆದು ಅವುಗಳಿಗೂ ಹಾಕಿದಳು. ಅವು ತಿಂದು ಮುಗಿಸುವವರೆಗೆ ಕಾದಳು. ಆಮೇಲೆ ಕ್ಲೋರೋಫಾರ್ಮಿನ ಡಬ್ಬಿಯ ಮುಚ್ಚಳ ತೆಗೆದಳು.