ಬಾವಿ ಆಮೆಯ ಗಾಯ ಕಾಯುವ ಚಿಕ್ಕನಿಂಗಮ್ಮ

ಸೂರ್ಯ ಇನ್ನೂ ಹುಟ್ಟಿಲ್ಲ. ಶಾಗ್ಯದ ಸದಾಶಿವಪ್ಪನವರ ಹಿತ್ತಿಲಿನಲ್ಲಿ, ಕೊಟ್ಟಿಗೆಯ ಜಗಲಿಯ ಮೇಲೆ ಚಿಕ್ಕನಿಂಗಮ್ಮ ಕಾಲು ಚಾಚಿ ಕುಳಿತಿದ್ದಾರೆ. ಮಡಿಲಲ್ಲಿ ಒಗೆದ ಪಂಚೆಯ ತುಂಡು, ಅದರ ಮೇಲೆ ಊಟದ ತಟ್ಟೆಯಗಲದ ಕಪ್ಪು ಆಮೆ. ತಲೆಯಾಗಲಿ ಕಾಲಾಗಲಿ ಹೊರಗಿಲ್ಲ. ಬೆನ್ನ ಚಿಪ್ಪಿನ ಬಲ ಅಂಚಿನಲ್ಲಿ ಬೆರಳುದ್ದದ ಬಿರುಕು. ಆ ಬಿರುಕಿನ ಮೇಲೆ ನಿನ್ನೆ ಸಂಜೆ ತೊಳೆದಾಗ ಇಲ್ಲದಿದ್ದ ಕೆಂಪು ಅರಗು ಗಟ್ಟಿಯಾಗಿ ಕೂತಿದೆ. ಚಿಕ್ಕನಿಂಗಮ್ಮ ಆಮೆಯನ್ನು ಎತ್ತಿ ಮೂಸುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ.

"ಅರಗು ಯಾರವ್ವ ಮೆತ್ತಿದ್ದು?"

ಹಿತ್ತಿಲ ಬಾಗಿಲಲ್ಲಿ ಮನೆಯೊಡತಿ ಶಿವರತ್ನಮ್ಮ, ಕಂಬದ ಮರೆಯಲ್ಲಿ ಮೂರು ತಿಂಗಳ ಹಿಂದೆ ಯಳಂದೂರಿನಿಂದ ಮದುವೆಯಾಗಿ ಬಂದ ಸೊಸೆ ಸುವರ್ಣಮ್ಮ.

"ನಾನೇ ಕಣಮ್ಮಿ," ಎನ್ನುತ್ತಾರೆ ಶಿವರತ್ನಮ್ಮ. "ನಿನ್ನೆ ರಾತ್ರಿ. ಬಿಂದ್ಗೆ ಸೀಳಿದ್ರೆ ಮೆತ್ತಾಕಿಲ್ವಾ? ಅಂಗೇ."

ಬಾವಿಗೆ ಬಿದ್ದ ಪಾತ್ರೆ ಎತ್ತಲು ಈ ಸೀಮೆಯಲ್ಲಿ ಪಾತಾಳ ಗರಡಿ ಇಳಿಸುತ್ತಾರೆ. ಹಗ್ಗದ ತುದಿಯಲ್ಲಿ ಕಬ್ಬಿಣದ ಕೊಕ್ಕೆಗಳ ಗೊಂಚಲು. ಇಳಿಸುವ ಮುನ್ನ ರಾಟೆಯನ್ನು ಮೂರು ಸಲ ತಟ್ಟುವುದು ರೂಢಿ. ಸದ್ದಿಗೆ ಆಮೆ ಗೋಡೆಯ ಸಂದಿಗೆ ಸರಿದುಕೊಳ್ಳುತ್ತದೆ. ಸುವರ್ಣಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬಾವಿಯಲ್ಲಿ ಆಮೆ ಇದೆಯೆಂದೇ ಹೇಳಿರಲಿಲ್ಲ. ನಾಲ್ಕು ದಿನದ ಹಿಂದೆ ಕೈಜಾರಿದ ಬಿಂದಿಗೆಗಾಗಿ ಗರಡಿ ಬಿಟ್ಟಳು. ಭಾರ ಸಿಕ್ಕಿತೆಂದು ಜಗ್ಗಿದಳು. ಮೇಲೆ ಬಂದದ್ದು ಬಿಂದಿಗೆಯಲ್ಲ.

"ನಿಮ್ ಯಳಂದೂರ್ ಕಡೆ ಬಾವಿಗೆ ಆಮೆ ಬುಡಾಕಿಲ್ವಂತಾ?" ಎಂದು ಅತ್ತೆ ಅಂದಿನಿಂದ ದಿನಕ್ಕೆರಡು ಸಲ ಕೇಳುತ್ತಿದ್ದಾರೆ.

"ನಮ್ದು ಒಳೆ ನೀರು ಅತ್ತೆ, ಬಾವಿ ಇಲ್ಲ," ಎಂಬುದು ಸೊಸೆಯ ಉತ್ತರ.

ಆಮೆಯನ್ನು ಈ ಮನೆಯಲ್ಲಿ 'ಬಾವಿ ಯಜಮಾನ' ಎನ್ನುತ್ತಾರೆ. ಅದು ಇರುವ ಹನ್ನೆರಡು ವರ್ಷದಲ್ಲಿ ಈ ನೀರು ಕುಡಿದ ಯಾರಿಗೂ ಹೊಟ್ಟೆ ಕೆಟ್ಟಿಲ್ಲವೆಂಬ ನಂಬಿಕೆ. ಅದು ಸತ್ತರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಆದರೆ ನೀರಿಗೆ ಬರುವ ನೆರೆಯ ಹೆಂಗಸರು ಕೊಡ ಇಳಿಸುವ ಮೊದಲು ಸುವರ್ಣಮ್ಮನ ಪಾದಗಳನ್ನು ನೋಡುತ್ತಾರೆ. ಕಾಲ್ಗುಣ ಎಂಬ ಮಾತು ಆಡಲು ಎಲ್ಲರೂ ಆಮೆಯ ಸಾವಿಗಾಗಿ ಕಾದಂತಿದೆ.

ಚಿಕ್ಕನಿಂಗಮ್ಮನವರಿಗೆ ಐವತ್ತರ ಆಚೀಚೆ. ಗಂಡ ಪುಟ್ಟಮಾದಯ್ಯ ಮತ್ತು ಮೈದುನರು ಬಾವಿ ತೋಡುವವರು, ಹೂಳು ತೆಗೆಯುವವರು. ಬೇಸಿಗೆಯ ಎರಡು ತಿಂಗಳಲ್ಲಿ ಶಾಗ್ಯದಿಂದ ಕೌದಳ್ಳಿ, ಹೂಗ್ಯಂವರೆಗೆ ಇಪ್ಪತ್ತು ಇಪ್ಪತ್ತೆರಡು ಬಾವಿಗಳ ಕೆಲಸ. ಗಂಡಸರು ಕೆಳಗೆ ಕೆಸರು ತುಂಬುತ್ತಾರೆ, ಹೆಂಗಸರು ಮಂಕರಿ ಬುಟ್ಟಿ ಮೇಲೆಳೆಯುತ್ತಾರೆ. ಕೆಸರಿನ ಜೊತೆ ಮೇಲೆ ಬರುವ ಆಮೆಗಳನ್ನು ಬಾವಿಯಲ್ಲಿ ಮತ್ತೆ ನೀರು ಊರುವ ತನಕ ಕಾಯುವುದು ಮದುವೆಯಾಗಿ ಬಂದ ವರ್ಷದಿಂದ ಇವರ ಪಾಲಿಗೆ ಬಂತು. ಗುದ್ದಲಿ ತಗುಲಿದ್ದು, ಬಕೀಟು ಬಿದ್ದದ್ದು, ಗರಡಿಗೆ ಸಿಕ್ಕಿದ್ದು, ವರ್ಷಕ್ಕೆ ಐದಾರು ಗಾಯದ ಆಮೆಗಳು ಬರುತ್ತವೆ. ದನದ ಡಾಕ್ಟರಿಗೆ ದನಗಳೇ ಸಾಕಷ್ಟಿವೆ.

ಎಷ್ಟು ಬದುಕಿವೆ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಉಳ್ದಿದ್ದು ನೆಪ್ಪಿಲ್ಲ ಕಣವ್ವ. ಸತ್ತಿದ್ದು ಏಳು. ಮೊದುಲ್ನೇದು ನಾನೇ ಕೊಂದಿದ್ದು."

ಅದು ಹೂಗ್ಯಂನಲ್ಲಿ. ಇವರೂ ಅಂದು ಬಿರುಕಿಗೆ ಅರಗು ಮೆತ್ತಿದ್ದರು. ಮೇಲೆ ನುಣ್ಣಗೆ ಕೂಡಿಕೊಂಡಿತು, ಒಳಗೆ ಕೊಳೆಯಿತು, ಒಂಬತ್ತನೆಯ ದಿನ ಸತ್ತಿತು. ಮೂರು ವರ್ಷ ಆ ಊರಿನವರು ಇವರ ಮನೆಯವರನ್ನು ಬಾವಿಗೆ ಕರೆಯಲಿಲ್ಲ. "ಮಡ್ಕೆಗೆ ನೋವಿಲ್ಲ, ಮುಚ್ಬೋದು. ಇದು ಮೂಳೆ. ಗಾಯ ಉಸ್ರಾಡ್ಬೇಕು."

ಅಂದಿನಿಂದ ಇವರ ಕ್ರಮವೇ ಬೇರೆ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು. ದಿನಕ್ಕೆರಡು ಸಲ ತೊಳೆಯುವುದು. ಮೇಲೆ ಬೆಟ್ಟದ ಜೇನು, ತೆಳು ಬಟ್ಟೆ. ಅರಿಸಿನ ಹಾಕುವುದಿಲ್ಲ. "ಅರಿಸ್ಣ ಮೆತ್ತುದ್ರೆ ಗಾಯದ ಬಣ್ಣ ಕಾಣಾಕಿಲ್ಲ." ನೊಣ ಕೂರದಂತೆ ಬುಟ್ಟಿ ಮುಚ್ಚಿ ಒಣ ಜಾಗದಲ್ಲಿ ಇಡುವುದು. ನೀರು ಕುಡಿಯಲೆಂದು ದಿನಕ್ಕೊಮ್ಮೆ ಕಾಲು ಮಾತ್ರ ಮುಳುಗುವ ನೀರಿನಲ್ಲಿ ಬಿಡುವುದು, ಗಾಯ ನೆನೆಯಬಾರದು. ಇದೇ ಶಿವರತ್ನಮ್ಮನವರಿಗೆ ಒಪ್ಪಿಗೆಯಾಗದ ಮಾತು. ನೀರಿನ ಜೀವವನ್ನು ಒಣಗಿಸಿ ಕೊಲ್ಲುತ್ತಿದ್ದಾಳೆಂದು ಅವರಿಗೆ ಭಯ. ಅರಗು ಹಚ್ಚಿ ಬೇಗ ಬಾವಿಗೆ ಬಿಡೋಣವೆಂದೇ ಹಾಗೆ ಮಾಡಿದ್ದು.

ಈಗ ಅರಗು ತೆಗೆಯಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಚಿಕ್ಕನಿಂಗಮ್ಮ ಅದರ ಮೇಲೆ ಒತ್ತಿ ಹಿಡಿಯುತ್ತಾರೆ, ತೆಗೆಯುತ್ತಾರೆ, ಮತ್ತೆ ಒತ್ತುತ್ತಾರೆ. ಕೈಯಲ್ಲಿ ಬಿದಿರಿನ ಸಣ್ಣ ಸೀಳು. "ಅರ್ಗಿನ್ ಜೊತೇಲಿ ಚಿಪ್ಪಿನ ಚೂರೂ ಎದ್ದು ಬಂದ್ರೆ ಒಳ್ಗಿನ ಪೊರೆ ಅರೀತದೆ. ಆಮೇಲೆ ನನ್ ಕೈಲಿಲ್ಲ. ಯಾರಾರ ಬಂದು ಇಡ್ಕಳ್ಳಿ."

ಸುವರ್ಣಮ್ಮ ಒಂದು ಹೆಜ್ಜೆ ಮುಂದಿಡುತ್ತಾಳೆ.

"ನೀ ಮುಟ್ಬ್ಯಾಡ," ಎನ್ನುತ್ತಾರೆ ಅತ್ತೆ. "ಒಂದ್ ಸಲ ಮುಟ್ಟಿದ್ದು ಸಾಕು."

"ಅವ್ವಾರೆ, ಅಂಗಾರೆ ನೀವೇ ಬಂದು ಇಡ್ಕಳಿ."

ಶಿವರತ್ನಮ್ಮ ಜಗಲಿಯವರೆಗೆ ಬರುತ್ತಾರೆ. ಬಿರುಕನ್ನು ನೋಡಿ ಬಾಗಿಲಿಗೇ ಹಿಂದೆ ಸರಿಯುತ್ತಾರೆ. ಚಿಕ್ಕನಿಂಗಮ್ಮ ಸೊಸೆಯತ್ತ ತಿರುಗಿ, "ಬಾ ಮಗ. ಎರ್ಡೂ ಕೈಲಿ ಇಡ್ಕ. ಒತ್ಬ್ಯಾಡ, ಬುಡಬ್ಯಾಡ," ಎನ್ನುತ್ತಾರೆ.

ಬಿದಿರು ಅಂಚಿನ ಕೆಳಗೆ ಕೂದಲೆಳೆಯಷ್ಟು ಸೇರುತ್ತದೆ. ಆಮೆ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು ಹಿಂಗಾಲು ಒದೆಯುತ್ತದೆ; ಉಗುರು ಸುವರ್ಣಮ್ಮನ ಮುಂಗೈ ಗೀರಿ ರಕ್ತ ಬರುತ್ತದೆ. ಅವಳು ಕೈ ಬಿಡುವುದಿಲ್ಲ. ಟಕ್ಕೆಂದು ಸದ್ದು. ಚಿಪ್ಪೇ ಒಡೆಯಿತೋ ಎಂದು ನೋಡಿದರೆ ಚಿಕ್ಕನಿಂಗಮ್ಮನ ಅಂಗೈಯಲ್ಲಿ ಅರಗಿನ ಬಿಲ್ಲೆ ಮಾತ್ರ. ಬಿರುಕಿನಿಂದ ಹಳದಿ ಕೀವು ಒಸರುತ್ತದೆ. ನಾತ ಬಾಗಿಲವರೆಗೂ ಬರುತ್ತದೆ.

"ಇನ್ನೊಂದ್ ದಿವ್ಸ ಇದ್ದಿದ್ರೆ..." ಎಂದು ಶುರುಮಾಡಿದ ಚಿಕ್ಕನಿಂಗಮ್ಮ ಶಿವರತ್ನಮ್ಮನ ಮುಖ ನೋಡಿ ನಿಲ್ಲಿಸುತ್ತಾರೆ. "ಸದ್ಯ, ಪೊರೆ ಅರ್ದಿಲ್ಲ. ಉಪ್ನೀರು ತತ್ತಾ ಮಗ."

ಮುಂದಿನ ಹದಿನೇಳು ದಿನ ಅವರು ಮುಂಜಾವಕ್ಕೊಮ್ಮೆ, ಹೊತ್ತು ಇಳಿಯುವಾಗೊಮ್ಮೆ ಮೂರು ಮೈಲಿ ನಡೆದು ಬರುತ್ತಾರೆ. ಹತ್ತು ದಿನ ಆಮೆ ಏನೂ ಮುಟ್ಟುವುದಿಲ್ಲ. ಅತ್ತೆ ಸೊಸೆಯೊಡನೆ ಮಾತಾಡುವುದಿಲ್ಲ. ಹನ್ನೊಂದನೆಯ ಬೆಳಿಗ್ಗೆ ಸುವರ್ಣಮ್ಮ ಹಿಡಿದ ಎರೆಹುಳುವಿಗೆ ಅದು ಕತ್ತು ಚಾಚಿ ಬಾಯಿ ಹಾಕುತ್ತದೆ. ಅವಳು ಅಲ್ಲೇ ಕುಳಿತು ಅಳುತ್ತಾಳೆ.

ಹದಿನೇಳನೆಯ ದಿನ ಗಾಯ ಒಣಗಿ ಅಂಚು ಗಟ್ಟಿಯಾಗಿದೆ. ಬಾವಿಗೆ ಬಿಡಲು ಇನ್ನೂ ಎರಡು ಮೂರು ತಿಂಗಳು ಬೇಕು. ಇಷ್ಟು ಮಾಡಿದ್ದಕ್ಕೆ ಏನು ಬೇಕು ಕೇಳೆಂದು ಶಿವರತ್ನಮ್ಮ ಒತ್ತಾಯ ಮಾಡುತ್ತಾರೆ. ಸೀರೆ ಎನ್ನುತ್ತಾರೆ, ರಾಗಿ ಎನ್ನುತ್ತಾರೆ. ಚಿಕ್ಕನಿಂಗಮ್ಮ ಕೈ ತೊಳೆಯುತ್ತಲೇ ಇದ್ದಾರೆ.

"ನಂಗೇನೂ ಬ್ಯಾಡಿ ಅವ್ವಾರೆ. ನೀರಿಗ್ ಬುಡೋ ದಿವ್ಸ ನೆರೆಮನೇರ್ನೆಲ್ಲ ಕರೀರಿ. ಎಲ್ರ ಮುಂದೆ ನಿಮ್ ಸೊಸೆ ಕೈಲೇ ಬುಡುಸ್ರಿ."

ಶಿವರತ್ನಮ್ಮ ಕೈ ಒರೆಸಲು ಬಟ್ಟೆ ಕೊಡುತ್ತಾ, "ನೀನು ಬರಾಕಿಲ್ವಾ?" ಎಂದು ಕೇಳುತ್ತಾರೆ.

"ನಾ ಯಾಕ್ ಬರ್ಲಿ? ನಾನು ಬಂದ್ರೆ ನಿಂಗಿ ಉಳುಸುದ್ಲು ಅಂತಾರೆ."